ಎಂಜಿನ್ ಪವರ್ ಹೆಚ್ಚಿದರೆ ಸಾಲದು, ಬ್ರೇಕ್ ಕೂಡ ಸಾಟಿಯಾಗಬೇಕು: ಸ್ಪೋರ್ಟ್ಸ್ ಕಾರಿನ ಲೆಕ್ಕಾಚಾರ ಹೀಗಿದೆ

ಸ್ಪೋರ್ಟ್ಸ್ ಕಾರು ಎಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಹಾರ್ಸ್‌ಪವರ್? ಟಾಪ್ ಸ್ಪೀಡ್ ಎಷ್ಟು? ಅಷ್ಟು ವೇಗದ ಕಾರು ನಿಲ್ಲುವುದು ಹೇಗೆ ಎಂದು ಕೇಳುವವರು ಕಡಿಮೆ. ಆದರೆ ಕಾರು ರೂಪಿಸುವ ಎಂಜಿನಿಯರ್‌ಗಳು ಎಂಜಿನ್ ಜೊತೆಗೇ ಬ್ರೇಕ್‌ನ ಲೆಕ್ಕವನ್ನೂ ಹಾಕುತ್ತಾರೆ.

ವೇಗ ಎರಡು ಪಟ್ಟು, ಶಾಖ ನಾಲ್ಕು ಪಟ್ಟು

ಬ್ರೇಕ್‌ನ ಕೆಲಸ ಕಾರಿನ ಚಲನ ಶಕ್ತಿಯನ್ನು ಶಾಖವಾಗಿ ಬದಲಿಸಿ ಗಾಳಿಗೆ ಬಿಡುವುದು. 1,500 ಕೆಜಿ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಈ ಶಕ್ತಿ ಸುಮಾರು 5.8 ಲಕ್ಷ ಜೂಲ್. ವೇಗ 200 ಕಿ.ಮೀ.ಗೆ ಏರಿದರೆ ಅದು ಸುಮಾರು 23 ಲಕ್ಷ ಜೂಲ್ ಆಗುತ್ತದೆ. ಎಂಜಿನ್ ಬಲ ಹೆಚ್ಚಿದಷ್ಟೂ ಕಾರು ಮುಂದಿನ ತಿರುವಿಗೆ ಹೆಚ್ಚು ವೇಗದಲ್ಲಿ ಬರುತ್ತದೆ. ಆ ಹೊರೆಯೆಲ್ಲ ಬ್ರೇಕ್ ಮೇಲೆಯೇ ಬೀಳುತ್ತದೆ.

ದೊಡ್ಡ ಡಿಸ್ಕ್ ಇದ್ದರೆ ಬೇಗ ನಿಲ್ಲುತ್ತದೆಯೇ?

ಇದು ಹಲವರ ತಪ್ಪು ಕಲ್ಪನೆ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ತುಳಿದಾಗ ಎಬಿಎಸ್ ಕೆಲಸ ಮಾಡಿತೆಂದರೆ, ಬ್ರೇಕ್‌ಗೆ ಬಲವಿದೆ, ಟೈರ್‌ನ ಹಿಡಿತವೇ ಸಾಲುತ್ತಿಲ್ಲ ಎಂದರ್ಥ. ದೊಡ್ಡ ಡಿಸ್ಕ್‌ನ ನಿಜವಾದ ಲಾಭ ಕಾಣುವುದು ಪದೇ ಪದೇ ಬ್ರೇಕ್ ಹಾಕಿದಾಗ. ಚಿಕ್ಕ ಡಿಸ್ಕ್ ಬೇಗ ಕಾಯುತ್ತದೆ, ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದರೆ ಪೆಡಲ್ ಕೆಳಗಿಳಿದರೂ ಕಾರು ನಿಲ್ಲುವುದಿಲ್ಲ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿಕೊಂಡ ಹಳೆಯ ಆಯಿಲ್‌ಗೆ ಈ ಮಿತಿ 155 ಡಿಗ್ರಿ ಮಾತ್ರ. ಖಂಡಾಲಾ ಘಾಟ್ ಇಳಿಯುವಾಗ ಬ್ರೇಕ್ ಒಂದನ್ನೇ ನಂಬದೆ ಕಡಿಮೆ ಗೇರ್‌ನಲ್ಲಿ ಇಳಿಯಬೇಕು ಎನ್ನುವುದು ಇದೇ ಕಾರಣಕ್ಕೆ.

ಕಂಪನಿಗಳು ಏನು ಮಾಡುತ್ತವೆ?

ಒಳಗೆ ಗಾಳಿ ಹರಿಯುವ ಡಿಸ್ಕ್, ಹೆಚ್ಚು ಪಿಸ್ಟನ್‌ಗಳ ಕ್ಯಾಲಿಪರ್, ಬ್ರೇಕ್‌ಗೆ ಗಾಳಿ ತಲುಪಿಸುವ ಕೊಳವೆ ಇವು ಸಾಮಾನ್ಯ ಉಪಾಯಗಳು. ಪೋರ್ಷೆ ತನ್ನ 911 ಸರಣಿಯಲ್ಲಿ ಕಾರ್ಬನ್ ಸೆರಾಮಿಕ್ ಡಿಸ್ಕ್ ಆಯ್ಕೆಯನ್ನೂ ಕೊಡುತ್ತದೆ. ಕಬ್ಬಿಣದ ಡಿಸ್ಕ್‌ಗೆ ಹೋಲಿಸಿದರೆ ಇದರ ತೂಕ ಸುಮಾರು ಅರ್ಧದಷ್ಟು. 1,001 ಹಾರ್ಸ್‌ಪವರ್‌ನ ಬುಗಾಟಿ ವೇರಾನ್‌ಗೆ ಅದೂ ಸಾಲಲಿಲ್ಲ. ಅತಿ ವೇಗದಲ್ಲಿ ಬ್ರೇಕ್ ಹಾಕಿದರೆ ಹಿಂದಿನ ರೆಕ್ಕೆ ಎದ್ದು ನಿಂತು ಗಾಳಿಯನ್ನು ತಡೆಯುತ್ತದೆ.

ರೀಮ್ಯಾಪ್ ಮಾಡಿಸುವ ಮುನ್ನ

ರೀಮ್ಯಾಪ್ ಮಾಡಿಸಿದರೆ ಎಂಜಿನ್ ಬಲ ಹೆಚ್ಚುತ್ತದೆ, ಬ್ರೇಕ್ ಮಾತ್ರ ಹಳೆಯದೇ ಉಳಿಯುತ್ತದೆ. ಅಂಥವರು ಮೊದಲು ಒಳ್ಳೆಯ ಟೈರ್, ಹೊಸ ಬ್ರೇಕ್ ಆಯಿಲ್, ಗುಣಮಟ್ಟದ ಪ್ಯಾಡ್ ಕಡೆ ಗಮನ ಕೊಡಬೇಕು. ದೊಡ್ಡ ಡಿಸ್ಕ್ ಆ ನಂತರದ ಮಾತು. ಮುಂದಿನ ಚಕ್ರಗಳಿಗೆ ಮಾತ್ರ ಭಾರೀ ಬ್ರೇಕ್ ಹಾಕಿಸಿದರೆ ಹಿಂದಿನ ಬ್ರೇಕ್ ಜೊತೆಗಿನ ಸಮತೋಲನ ಕೆಡುತ್ತದೆ, ನಿಲ್ಲುವ ದೂರ ಹೆಚ್ಚಲೂಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ ಎಂಬುದನ್ನೂ ಮರೆಯುವಂತಿಲ್ಲ.

ಪವರ್‌ಗೆ ಹಣ ಸುರಿಯುವ ಮುನ್ನ ನಿಲ್ಲಿಸುವುದಕ್ಕೂ ಒಂದು ಪಾಲು ಎತ್ತಿಡುವುದೇ ಜಾಣತನ.