ಒಗರು ಮಾಗುವ ಬಗೆ

ನಮ್ಮ ಪೂರ್ವಿಕರು ರುಚಿಗಳನ್ನು ಆರೆಂದು ಎಣಿಸಿದರು. ಸಿಹಿ, ಹುಳಿ, ಉಪ್ಪು, ಕಾರ, ಕಹಿ ಇವುಗಳ ಸಾಲಿನಲ್ಲಿ ಒಗರಿಗೂ ಒಂದು ಸ್ಥಾನವನ್ನು ಕೊಟ್ಟರು. ಆಧುನಿಕ ಶರೀರವಿಜ್ಞಾನವಾದರೋ ಒಗರನ್ನು ರುಚಿಯೆಂದು ಒಪ್ಪಿಕೊಳ್ಳಲು ಹಿಂದೆಗೆಯುತ್ತದೆ. ಅದು ಬಾಯಿಯ ಒಳಚರ್ಮಕ್ಕೆ ತಟ್ಟುವ ಒಂದು ಬಗೆಯ ಸ್ಪರ್ಶವೆಂಬುದು ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯ. ಹೆಸರು ಏನೇ ಇರಲಿ, ನೆಲ್ಲಿಕಾಯಿ, ಹಸಿ ಅಡಿಕೆ, ನೇರಳೆಹಣ್ಣು, ಎಳೆಯ ಬಾಳೆಕಾಯಿ ಇವುಗಳನ್ನು ಕಚ್ಚಿದೊಡನೆ ಬಾಯಿ ಒಣಗಿ ನಾಲಗೆ ಜಡವಾಗುವುದು ಎಲ್ಲರಿಗೂ ಪರಿಚಿತವಾದ ಅನುಭವ. ಒಗರೆಂದರೆ ಕಾಯಿತನ, ಹಣ್ಣಾದೊಡನೆ ತೊಲಗಬೇಕಾದ ದೋಷ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಹಣ್ಣಿನಿಂದ ಈ ಒಗರನ್ನೇ ಬಯಸಿ ಹೊರತೆಗೆದು, ವರ್ಷಗಟ್ಟಲೆ ಕಾಪಾಡಿ, ಅದು ತಾನಾಗಿ ಸೌಮ್ಯವಾಗುವವರೆಗೆ ಕಾಯುವ ಒಂದು ವಿದ್ಯೆಯೂ ಉಂಟು. ಅದು ಕೆಂಪು ದ್ರಾಕ್ಷಾಮದ್ಯದ, ಎಂದರೆ ಕೆಂಪು ವೈನಿನ, ವಿದ್ಯೆ. ಫ್ರಾನ್ಸಿನ ಬೋರ್ಡೋ ಸೀಮೆ ಅದಕ್ಕೆ ತವರಿನಂತಿದೆ. ಅದರ ಹಿಂದಿರುವ ರಸಾಯನವನ್ನು ಸ್ಥೂಲವಾಗಿ ಪರಿಚಯಿಸುವುದು ಈ ಭಾಷಣದ ಉದ್ದೇಶ.

ವೈನ್ ಹಳೆಯದಾದಷ್ಟೂ ಉತ್ತಮ ಎಂಬ ಮಾತನ್ನು ವೈನಿನ ಮುಖ ಕಾಣದವರೂ ಕೇಳಿರುತ್ತಾರೆ. ಆದರೆ ಅದು ಪೂರ್ಣಸತ್ಯವಲ್ಲ. ಲೋಕದಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳಲ್ಲಿ ಮುಗಿಯಬೇಕಾದದ್ದು. ಅದನ್ನು ಇಪ್ಪತ್ತು ವರ್ಷ ಕೂಡಿಟ್ಟರೆ ಕಂದುಬಣ್ಣದ, ಪರಿಮಳ ಕಳೆದುಕೊಂಡ ದ್ರವವೊಂದು ಉಳಿದೀತು, ಅಷ್ಟೆ. ಕೆಲವು ವೈನುಗಳು ಮಾತ್ರ ಅಷ್ಟು ಕಾಲವನ್ನು ತಾಳಿಕೊಳ್ಳುತ್ತವೆ. ತಾಳಿಕೊಳ್ಳುವುದಷ್ಟೇ ಅಲ್ಲ, ಮೊದಲಿಗಿಂತ ಉತ್ತಮವಾಗುತ್ತವೆ. ಒಂದನ್ನು ಕೆಡಿಸಿದ ಕಾಲವೇ ಮತ್ತೊಂದನ್ನು ಮಾಗಿಸಿತೇಕೆ? ಕೆಂಪು ವೈನಿನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಅಡಗಿದೆ. ಅಲ್ಲಿರುವ ಫೀನಾಲಿಕ್ ಸಂಯುಕ್ತಗಳೇ ಆ ಉತ್ತರ.

ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತ ಒಂದು ಉಂಗುರವನ್ನು ಕಲ್ಪಿಸಿಕೊಳ್ಳಿ. ಆ ಉಂಗುರಕ್ಕೆ ಆಮ್ಲಜನಕ ಮತ್ತು ಜಲಜನಕಗಳ ಒಂದು ಜೋಡಿ ಅಂಟಿಕೊಂಡರೆ ಅದು ಫೀನಾಲ್. ಹಿಂದಿನ ಕಾಲದ ಆಸ್ಪತ್ರೆಗಳಲ್ಲಿ ಕ್ರಿಮಿನಾಶಕವಾಗಿದ್ದ ಕಾರ್ಬಾಲಿಕ್ ಆಮ್ಲವು ಇದರ ಅತಿ ಸರಳ ರೂಪ. ಸಸ್ಯಗಳು ಇಂಥ ಉಂಗುರಗಳನ್ನು ನಾನಾ ಬಗೆಯಾಗಿ ಜೋಡಿಸಿ ಸಾವಿರಾರು ಸಂಯುಕ್ತಗಳನ್ನು ನಿರ್ಮಿಸುತ್ತವೆ. ಬಿಸಿಲಿನ ಉಪದ್ರವ, ಬೂಷ್ಟು, ಮೇಯಲು ಬರುವ ಕೀಟ ಮತ್ತು ಪ್ರಾಣಿ ಇವುಗಳೆದುರು ಅವು ಗಿಡಕ್ಕೆ ರಕ್ಷೆ. ದ್ರಾಕ್ಷಿಯಲ್ಲಿ ನಮಗೆ ಮುಖ್ಯವಾದವು ಎರಡು: ಬಣ್ಣವನ್ನು ಕೊಡುವ ಆಂಥೋಸಯನಿನ್ ಮತ್ತು ಒಗರನ್ನು ಕೊಡುವ ಟ್ಯಾನಿನ್. ಅಡಿಕೆಯಲ್ಲಿಯೂ ಚಹದ ಎಲೆಯಲ್ಲಿಯೂ ಇರುವ ಕ್ಯಾಟೆಚಿನ್ ಎಂಬ ಘಟಕಗಳು ಸರಪಣಿಯಂತೆ ಕೂಡಿಕೊಂಡರೆ ದ್ರಾಕ್ಷಿಯ ಟ್ಯಾನಿನ್ ಆಗುತ್ತದೆ.

ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ಸುಲಿದು ನೋಡಿದರೆ ಒಳಗಿನ ತಿರುಳಿಗೆ ಬಣ್ಣವೇ ಇಲ್ಲವೆಂಬುದು ಕಾಣುತ್ತದೆ. ಕೆಲವು ವಿರಳ ತಳಿಗಳನ್ನು ಬಿಟ್ಟರೆ ಬಣ್ಣವೆಲ್ಲ ಸಿಪ್ಪೆಯದು. ಆದ್ದರಿಂದಲೇ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯನ್ನು ಮೆಲ್ಲನೆ ಹಿಂಡಿ, ಸಿಪ್ಪೆಯನ್ನು ಒಡನೆಯೇ ಬೇರ್ಪಡಿಸಿ, ಬಿಳಿಯ ಶಾಂಪೇನನ್ನು ತಯಾರಿಸುವುದು ಸಾಧ್ಯವಾಗಿದೆ. ಕೆಂಪು ವೈನಿಗಾದರೆ ಸಿಪ್ಪೆ ಬೀಜಗಳೊಡನೆಯೇ ರಸವನ್ನು ಹುದುಗಲು ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲಾಗಿ ಮಾರ್ಪಡಿಸುತ್ತಿರುವಾಗ ಮೊದಲ ಕೆಲವು ದಿನಗಳಲ್ಲಿಯೇ ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುತ್ತದೆ. ಆಲ್ಕೊಹಾಲಿನ ಪ್ರಮಾಣ ಏರಿದಂತೆ ಬೀಜದ ಟ್ಯಾನಿನ್ನೂ ನಿಧಾನವಾಗಿ ಕರಗುತ್ತದೆ. ಹೀಗೆ ತಯಾರಾದ ಒಂದು ಲೀಟರ್ ಕೆಂಪು ವೈನಿನಲ್ಲಿ ಫೀನಾಲಿಕ್ ಸಂಯುಕ್ತಗಳು ಸುಮಾರಾಗಿ 1 ರಿಂದ 3 ಗ್ರಾಂ ಇರುತ್ತವೆ; ಬಿಳಿಯ ವೈನಿನಲ್ಲಿ ಅದರ ಹತ್ತರಲ್ಲೊಂದು ಪಾಲಿನಷ್ಟು. ಕೆಂಪು ವೈನಿನ ಆಯುಸ್ಸು ಬಹುಮಟ್ಟಿಗೆ ಈ ಒಂದೆರಡು ಗ್ರಾಮುಗಳ ಕೈಯಲ್ಲಿದೆ.

ಹೊಸ ವೈನಿನ ಒಗರು ಬಾಯಿಯನ್ನು ಹಿಡಿಯುವ ಬಗೆಯನ್ನು ತಿಳಿಯಬೇಕಾದರೆ ಚರ್ಮ ಹದಮಾಡುವವರ ಕಸುಬನ್ನು ನೆನೆಯಬಹುದು. ನಮ್ಮ ನಾಡಿನಲ್ಲಿ ತಂಗಡಿಯ ತೊಗಟೆಯನ್ನೂ ಅಳಲೆಕಾಯಿಯನ್ನೂ ನೀರಿನಲ್ಲಿ ಹಾಕಿ, ಆ ನೀರಿನಲ್ಲಿ ಹಸಿ ಚರ್ಮವನ್ನು ನೆನೆಯಿಡುವ ಪದ್ಧತಿ ಬಹುಕಾಲದಿಂದ ಬಂದದ್ದು. ಅವುಗಳ ಟ್ಯಾನಿನ್ ಚರ್ಮದ ಪ್ರೋಟೀನನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದಲೇ ಚರ್ಮ ಕೊಳೆಯದೆ ಉಳಿಯುತ್ತದೆ. ಬಾಯಿಯಲ್ಲಿ ನಡೆಯುವುದೂ ಇದೇ ವ್ಯಾಪಾರ. ಲಾಲಾರಸದಲ್ಲಿರುವ ಕೆಲವು ಪ್ರೋಟೀನುಗಳು ನಾಲಗೆಗೂ ಕೆನ್ನೆಗೂ ಜಾರುವ ಗುಣವನ್ನು ಕೊಡುತ್ತವೆ. ಟ್ಯಾನಿನ್ ಅವುಗಳನ್ನು ಹಿಡಿದು ಗಟ್ಟಿಗೊಳಿಸಿದಾಗ ಆ ಜಾರಿಕೆ ತಪ್ಪಿ, ಬಾಯಿ ಒರಟಾದಂತೆ ತೋರುತ್ತದೆ.

ಇನ್ನು ಬಣ್ಣದ ವಿಚಾರ. ಸಸ್ಯವರ್ಣಗಳ ಸಂಶೋಧನೆಗಾಗಿ 1915ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಜರ್ಮನ್ ರಸಾಯನವಿಜ್ಞಾನಿ ರಿಚರ್ಡ್ ವಿಲ್‌ಸ್ಟೇಟರ್ ಹೂ ಹಣ್ಣುಗಳ ಆಂಥೋಸಯನಿನ್ನುಗಳ ರಚನೆಯನ್ನು ಬಿಡಿಸಿ ತೋರಿಸಿದವರಲ್ಲಿ ಅಗ್ರಗಣ್ಯ. ಈ ಬಣ್ಣಗಳು ಚಂಚಲ ಸ್ವಭಾವದವು. ಕೆಂಪು ದಾಸವಾಳದ ರಸಕ್ಕೆ ನಿಂಬೆಹುಳಿಯನ್ನು ಹಿಂಡಿದರೆ ಅದು ಉಜ್ಜ್ವಲವಾಗುವುದನ್ನೂ ಸುಣ್ಣದ ನೀರನ್ನು ಬೆರೆಸಿದರೆ ಹಸಿರಿಗೆ ತಿರುಗುವುದನ್ನೂ ಶಾಲೆಯ ಮಕ್ಕಳು ಬಲ್ಲರು. ವೈನಿಗೆ ಹುಳಿಯಿದ್ದರೂ ಅದರಲ್ಲಿರುವ ಬಿಡಿ ಆಂಥೋಸಯನಿನ್ನಿನ ಹೆಚ್ಚಿನ ಪಾಲು ನೀರಿನೊಡನೆ ಕೂಡಿ ಬಣ್ಣಗೆಟ್ಟೇ ಇರುತ್ತದೆ. ಅಷ್ಟೇ ಅಲ್ಲ, ಈ ಬಿಡಿ ಬಣ್ಣ ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಮಾಯವಾಗುತ್ತದೆ. ಹಾಗಿದ್ದರೂ ಮೂವತ್ತು ವರ್ಷದ ವೈನ್ ಇನ್ನೂ ಕೆಂಪಾಗಿರುವುದು ಹೇಗೆ? ಆಸ್ಟ್ರೇಲಿಯದ ವಿಜ್ಞಾನಿ ಸೋಮರ್ಸ್ 1971ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಒಗಟನ್ನು ಬಿಡಿಸುವ ದಾರಿ ತೋರಿತು. ಬಣ್ಣವು ಟ್ಯಾನಿನ್ನಿನೊಡನೆ ಬೆಸೆದುಕೊಂಡು ಹೊಸ, ದೊಡ್ಡ ಅಣುಗಳಾಗುತ್ತದೆ. ಹಳೆಯ ವೈನಿನ ಕೆಂಪು ಮುಖ್ಯವಾಗಿ ಇವುಗಳದು. ಒಂಟಿಯಾಗಿ ಬಾಳಲಾರದ ಬಣ್ಣಕ್ಕೆ ಒಗರಿನ ಆಸರೆ ದೊರೆತು ಬಾಳಿಕೆ ಬಂದಿತು. ಈ ಬೆಸುಗೆಯಲ್ಲಿ ಬಣ್ಣದ ಛಾಯೆಯೂ ಬದಲಾಗುವುದರಿಂದ ಹೊಸ ವೈನಿನ ನೇರಳೆಗೆಂಪು ಕ್ರಮೇಣ ಇಟ್ಟಿಗೆಯ ಕೆಂಪಾಗುತ್ತದೆ.

ಈ ಬೆಸುಗೆಗೆ ಪ್ರೇರಕವಾದುದು ಗಾಳಿ. ಗಾಳಿಯು ವೈನಿನ ಶತ್ರುವೆಂದು ಹಿಂದೆ ಎಲ್ಲರೂ ನಂಬಿದ್ದರು. 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಫ್ರಾನ್ಸಿನ ವೈನುಗಳಿಗೆ ತಗುಲುತ್ತಿದ್ದ ರೋಗಗಳನ್ನು ಪರೀಕ್ಷಿಸುವಂತೆ ಲೂಯಿ ಪ್ಯಾಶ್ಚರನನ್ನು ಕೇಳಿಕೊಂಡ. ಪ್ಯಾಶ್ಚರ್ ಕೆಲವು ಗಾಜಿನ ನಳಿಕೆಗಳಲ್ಲಿ ವೈನನ್ನು ತುಂಬ ತುಂಬಿ, ಬೇರೆ ಕೆಲವುಗಳಲ್ಲಿ ಗಾಳಿಗೂ ಎಡೆಯಿಟ್ಟು ಮುಚ್ಚಿದ. ಗಾಳಿಯಿಲ್ಲದ ವೈನ್ ಇದ್ದಂತೆಯೇ ಉಳಿಯಿತು; ಗಾಳಿ ತಾಗಿದ್ದು ಬಣ್ಣ ಬದಲಿಸಿ ತಳದಲ್ಲಿ ಗಸಿಯನ್ನು ಇಳಿಸಿತು. ಗಾಳಿಯನ್ನು ಆಶ್ರಯಿಸಿ ವೈನನ್ನು ವಿನಿಗರ್ ಮಾಡುವುದು ಸೂಕ್ಷ್ಮಜೀವಿಗಳ ಕೆಲಸ. ಮೆಲ್ಲಮೆಲ್ಲನೆ ಒಳಹೊಗುವ ಆಮ್ಲಜನಕ ವೈನನ್ನು ಮಾಗಿಸುವುದು ಬೇರೆಯೇ ಒಂದು ಕ್ರಿಯೆ. 1866ರಲ್ಲಿ ಪ್ರಕಟವಾದ ಅವನ ಗ್ರಂಥದ ಮುಖ್ಯ ತೀರ್ಮಾನಗಳಲ್ಲಿ ಇದೂ ಒಂದು.

ಆ ಕ್ರಿಯೆ ಯಾವುದು? ಬದನೆಕಾಯಿಯನ್ನೋ ಬಾಳೆಕಾಯಿಯನ್ನೋ ಹೆಚ್ಚಿದೊಡನೆ ನಮ್ಮ ಗೃಹಿಣಿಯರು ನೀರಿಗೆ ಹಾಕುತ್ತಾರೆ. ಇಲ್ಲವಾದರೆ ಹೋಳು ಕಪ್ಪಾಗುತ್ತದೆ. ಕಾಯಿಯ ಫೀನಾಲುಗಳು ಕಿಣ್ವದ ನೆರವಿನಿಂದ ಗಾಳಿಯ ಆಮ್ಲಜನಕದೊಡನೆ ವರ್ತಿಸುವುದೇ ಇದಕ್ಕೆ ಕಾರಣ. ಚಹದ ಹಸಿರೆಲೆಯನ್ನು ಜಜ್ಜಿ ಹರವಿದಾಗ ಒಂದೆರಡು ಗಂಟೆಗಳಲ್ಲಿ ಅದು ತಾಮ್ರದ ಬಣ್ಣಕ್ಕೆ ತಿರುಗುವುದೂ ಇದೇ ಬಗೆಯ ಕ್ರಿಯೆಯಿಂದ. ವೈನಿನಲ್ಲಿ ಕಿಣ್ವಗಳ ಆಟ ಬಹುತೇಕ ಮುಗಿದಿರುತ್ತದೆ. ಅವುಗಳ ಸ್ಥಾನದಲ್ಲಿ ಲೇಶಮಾತ್ರ ಇರುವ ಕಬ್ಬಿಣ ಮತ್ತು ತಾಮ್ರ ನಿಂತು, ಅದೇ ಕೆಲಸವನ್ನು ಅತ್ಯಂತ ನಿಧಾನವಾಗಿ ನಡೆಸುತ್ತವೆ. ಫೀನಾಲ್ ತಾನು ಕ್ವಿನೋನ್ ಎಂಬ ರೂಪವನ್ನು ತಾಳಿ ಆಮ್ಲಜನಕವನ್ನು ಹೈಡ್ರೊಜನ್ ಪೆರಾಕ್ಸೈಡಾಗಿ ಮಾರ್ಪಡಿಸುತ್ತದೆ. ಈ ಪೆರಾಕ್ಸೈಡ್ ಕಬ್ಬಿಣದ ಸಹಾಯದಿಂದ ಆಲ್ಕೊಹಾಲಿನ ಅತ್ಯಲ್ಪ ಭಾಗವನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಆ ಅಸಿಟಾಲ್ಡಿಹೈಡ್ ಒಂದು ಕೈಯಲ್ಲಿ ಟ್ಯಾನಿನ್ನನ್ನೂ ಮತ್ತೊಂದು ಕೈಯಲ್ಲಿ ಬಣ್ಣವನ್ನೂ ಹಿಡಿದು ಎರಡರ ನಡುವೆ ಸೇತುವೆಯಾಗುತ್ತದೆ. ಅತಿಯಾದರೆ ವೈನನ್ನು ಹಾಳುಮಾಡುವ ವಸ್ತುವೇ ಮಿತಿಯಲ್ಲಿ ಅದನ್ನು ಕಟ್ಟುತ್ತದೆ.

ಆದುದರಿಂದ ಎಲ್ಲವೂ ಪ್ರಮಾಣದ ಪ್ರಶ್ನೆ. ಬೋರ್ಡೋದಲ್ಲಿ ವೈನನ್ನು 225 ಲೀಟರಿನ ಓಕ್ ಮರದ ಪೀಪಾಯಿಗಳಲ್ಲಿ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ ಇಡುತ್ತಾರೆ. ಹಲಗೆಗಳ ಮೂಲಕವೂ ಸಂದುಗಳ ಮೂಲಕವೂ ಗಾಳಿ ಸೋಸಿ ಬರುತ್ತದೆ. ಮರವೂ ತನ್ನ ಟ್ಯಾನಿನ್ನನ್ನು ಬೆರೆಸುತ್ತದೆ. ಆಮೇಲೆ ಶೀಸೆಗೆ ತುಂಬಿ ಬಿರಡೆ ಹಾಕಿದರೆ, ಒಳ್ಳೆಯ ಬಿರಡೆಯ ಮೂಲಕ ಒಳಸೇರುವ ಆಮ್ಲಜನಕ ವರ್ಷಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಫೀನಾಲುಗಳು ಈ ಆಮ್ಲಜನಕವನ್ನು ತಮ್ಮ ಮೇಲೆ ತಾವೇ ಹೊತ್ತುಕೊಂಡು ಉಳಿದ ವೈನನ್ನು ಕಾಯುತ್ತವೆ. ಒಗರು ಇಲ್ಲದ ವೈನಿಗೆ ಈ ಕಾವಲಿಲ್ಲ. ಬಾಲ್ಯದಲ್ಲಿ ಬಾಯಿಗೆ ಇಷ್ಟವಾಗದ ಗುಣವೇ ಮುಪ್ಪಿನವರೆಗೆ ಅದನ್ನು ಉಳಿಸುವ ಗುಣ.

ಒಗರು ಮೃದುವಾಗುವುದು ಹೇಗೆಂಬ ಪ್ರಶ್ನೆಗೆ ಬಹುಕಾಲ ಒಂದು ಸರಳವಾದ ಉತ್ತರವಿತ್ತು. ಟ್ಯಾನಿನ್ನಿನ ಸರಪಣಿಗಳು ಬೆಳೆದು ಬೆಳೆದು, ಭಾರ ತಾಳಲಾರದೆ ತಳಕ್ಕೆ ಇಳಿಯುತ್ತವೆ ಎಂಬುದೇ ಆ ಉತ್ತರ. ಇದು ಸುಳ್ಳಲ್ಲ, ಆದರೆ ಸಾಲದು. ಉದ್ದವಾದ ಸರಪಣಿಗಳು ಸಾಮಾನ್ಯವಾಗಿ ಹೆಚ್ಚು ಒಗರಾಗಿರುತ್ತವೆಯೇ ಹೊರತು ಕಡಿಮೆಯಲ್ಲ. ಈಚಿನ ದಶಕಗಳ ಸಂಶೋಧನೆ ತೋರಿಸಿರುವಂತೆ, ವೈನಿನ ಹುಳಿಯಲ್ಲಿ ಸರಪಣಿಗಳು ಕೂಡುವುದಷ್ಟೇ ಅಲ್ಲದೆ ಮುರಿಯುತ್ತಲೂ ಇರುತ್ತವೆ. ಮುರಿದ ತುದಿಗಳಿಗೆ ಬಣ್ಣದ ಅಣುಗಳು ಬಂದು ಸೇರುತ್ತವೆ. ಆಮ್ಲಜನಕದ ಪ್ರಭಾವದಿಂದ ಸರಪಣಿಯ ಒಳಗೇ ಗಂಟುಗಳು ಬಿದ್ದು ಅದರ ಆಕಾರ ಬದಲಾಗುತ್ತದೆ. ಹೀಗೆ ಬದಲಾದ ಟ್ಯಾನಿನ್ ಲಾಲಾರಸದ ಪ್ರೋಟೀನನ್ನು ಮೊದಲಿನಷ್ಟು ಬಿಗಿಯಾಗಿ ಹಿಡಿಯಲಾರದು.

ಹಾಗೆಂದು ಒಗರು ಹೆಚ್ಚಿದ್ದರೆ ಸಾಕು ಎಂದು ತಿಳಿಯಬಾರದು. 1975ರಲ್ಲಿ ಬೋರ್ಡೋದ ದ್ರಾಕ್ಷಿ ದಪ್ಪ ಸಿಪ್ಪೆಯದಾಗಿದ್ದು, ಆ ವರ್ಷದ ವೈನುಗಳು ಬಲು ಬಿರುಸಾಗಿದ್ದವು. ಇವು ದೀರ್ಘಾಯುಗಳೆಂದು ಬಹುಮಂದಿ ಕೊಂಡು ಕಾದರು. ಕೆಲವು ಕಾದವರ ನಂಬಿಕೆಯನ್ನು ಉಳಿಸಿಕೊಂಡವು. ಆದರೆ ಹಲವುಗಳಲ್ಲಿ ಒಗರು ಇಳಿಯುವ ಮೊದಲೇ ಹಣ್ಣಿನ ಸೊಗಸು ಬತ್ತಿಹೋಗಿ, ಒಣ ಬಿರುಸೊಂದೇ ಉಳಿಯಿತು. ಕಾಲವು ಇದ್ದುದನ್ನು ಮಾಗಿಸಬಲ್ಲದು, ಇಲ್ಲದ್ದನ್ನು ತಂದುಕೊಡಲಾರದು. ಹಣ್ಣನ್ನು ಕೊಯ್ಯುವ ದಿನವನ್ನು ಗೊತ್ತುಮಾಡುವಾಗ ಇಂದಿನ ಬೆಳೆಗಾರ ಸಕ್ಕರೆಯನ್ನು ಅಳೆದು ಸುಮ್ಮನಾಗದೆ, ಸಿಪ್ಪೆಯನ್ನೂ ಬೀಜವನ್ನೂ ಅಗಿದು ಒಗರಿನ ಹದವನ್ನು ನೋಡುವುದು ಈ ಕಾರಣದಿಂದಲೇ.

ಫೀನಾಲುಗಳಿಂದ ಆರೋಗ್ಯಕ್ಕೆ ಹಿತವೆಂಬ ಪ್ರಚಾರವೂ ಕಿವಿಗೆ ಬೀಳುವುದುಂಟು. ಅವು ನೇರಳೆಯಲ್ಲಿಯೂ ಚಹದಲ್ಲಿಯೂ ಆಲ್ಕೊಹಾಲಿನ ಸಹವಾಸವಿಲ್ಲದೆಯೇ ದೊರೆಯುತ್ತವೆ. ಆಲ್ಕೊಹಾಲಿನ ಪಾನೀಯಗಳನ್ನಾದರೋ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಒಂದು ವಸ್ತುವಿನ ರಸಾಯನವನ್ನು ಅರಿಯುವುದು ಬೇರೆ, ಅದನ್ನು ಸೇವಿಸುವುದು ಬೇರೆ.

ಹಳೆಯ ಕೆಂಪು ವೈನಿನ ಶೀಸೆಯನ್ನು ತೆರೆಯುವವರು ಅದನ್ನು ಅಲುಗಿಸದೆ, ದೀಪದ ಬೆಳಕಿಗೆ ಹಿಡಿದು, ತಿಳಿಯನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸುತ್ತಾರೆ. ತಳದಲ್ಲಿ ಕಪ್ಪುಗೆಂಪು ಗಸಿ ಉಳಿಯುತ್ತದೆ. ಅದು ಕಸವೆಂದು ಕಾಣುವುದು ಸಹಜ. ಆದರೆ ಹತ್ತಿಪ್ಪತ್ತು ವರ್ಷ ಆಮ್ಲಜನಕದ ಹೊರೆಯನ್ನು ಹೊತ್ತು, ಬಣ್ಣಕ್ಕೆ ಆಸರೆಯಾಗಿ, ಕೊನೆಗೆ ದಣಿದು ಕೆಳಗಿಳಿದ ಒಗರಿನ ಒಂದು ಪಾಲು ಅದರಲ್ಲಿದೆ. ಮೇಲಿನ ತಿಳಿಯ ಸೌಮ್ಯತೆಗೆ ಅದು ತೆತ್ತ ಬೆಲೆಯೂ ಸೇರಿದೆ.