ಹಿಂದೆ ಹೇಳುವವರು

ಶ್ರಾವಣ ಸೋಮವಾರದ ಸಂಜೆ, ಗದ್ದೆಯ ಕೆಸರನ್ನು ಕಾಲಿನಲ್ಲಿಯೂ ಜಿಟಿಜಿಟಿ ಮಳೆಯ ಹಸಿಯನ್ನು ಹೆಗಲ ಕಂಬಳಿಯಲ್ಲಿಯೂ ಹೊತ್ತು ಮನೆಗೆ ಮರಳಿದ ಜನರು, ಉಂಡು ಕೈತೊಳೆದು, ಯಾರೂ ಕರೆಯದೆಯೇ ಒಬ್ಬೊಬ್ಬರಾಗಿ ಗುಡಿಯ ಪೌಳಿಗೆ ಬಂದು ಗೋಡೆಗೊರಗಿ ಕುಳಿತುಕೊಳ್ಳುವುದನ್ನು, ಹೆಸರಿನಲ್ಲಿಯೇ ಅಕ್ಕಿಯನ್ನಿರಿಸಿಕೊಂಡಿರುವ ಅಕ್ಕಿಆಲೂರಿನಲ್ಲಿ ಕಂಡೆನು. ಆಮಂತ್ರಣಪತ್ರಿಕೆಯಿರಲಿಲ್ಲ, ವೇದಿಕೆಯಿರಲಿಲ್ಲ, ಹಾಡುವವರು ಯಾರು, ಕೇಳುವವರು ಯಾರು ಎಂಬ ಭೇದವೂ ಮೊದಲ ಅರ್ಧ ತಾಸು ನನಗೆ ಹೊಳೆಯಲಿಲ್ಲ.

ಪದ ಹಚ್ಚುವುದಕ್ಕೆ ಮುನ್ನ, ಥಂಡಿಗೆ ಸಡಿಲಗೊಂಡು ಸೊಲ್ಲಡಗಿದ್ದ ದಮ್ಮಡಿಯನ್ನು ಹುಡುಗನೊಬ್ಬನು ಕುಳ್ಳಿನ ಕೆಂಡದ ಮೇಲೆ ಹಿಡಿದು, ತಿರುಗಿಸಿ, ಬೆರಳಿನಿಂದ ಬಡಿದು ನೋಡಿ, ತೃಪ್ತಿಯಾಗದೆ ಮರಳಿ ಕಾಯಿಸುತ್ತಿದ್ದನು. ಚರ್ಮವು ಬಿಗಿದಂತೆಲ್ಲ ‘ದಬ್’ ಎಂಬ ಮಂಕುಸದ್ದು ಮೆಲ್ಲಮೆಲ್ಲನೆ ಮೇಲೇರಿ ‘ಟಣ್’ ಎಂದೊಡನೆ, ಪೇಟಿಯ ಮುಂದೆ ಕುಳಿತಿದ್ದ ಹಿರಿಯರು ತಲೆಯೆತ್ತದೆಯೇ, “ಸಾಕು ತಗಿಯೋ, ಸುಟ್ಟೀತು” ಎಂದರು. ಅವರ ಕಿವಿ ಅಷ್ಟು ಹೊತ್ತೂ ಆ ಕೆಂಡದ ಬಳಿಯೇ ಇದ್ದಿತೆಂದು ಆಗ ತಿಳಿಯಿತು.

ಮೇಳದವರು ನಮ್ಮ ಕಡೆಗೆ ಮೋರೆಮಾಡಿ ಕೂಡಲಿಲ್ಲ. ಎರಡು ಸಾಲಾಗಿ ಪರಸ್ಪರ ಅಭಿಮುಖರಾಗಿ ಕುಳಿತರು. ಒಬ್ಬರು ಸೊಲ್ಲನ್ನು ಎತ್ತಿಕೊಡುವರು. ಉಳಿದವರು ಅದನ್ನು ಹಿಡಿದು, ತಾಳವನ್ನು ಬಿಗಿಗೊಳಿಸಿ, ಮರಳಿ ಅವರಿಗೇ ಒಪ್ಪಿಸುವರು. ಮೊದಲಿನವರು ‘ಮುಂದ ಹೇಳವರು’, ಎರಡನೆಯವರು ‘ಹಿಂದ ಹೇಳವರು’. ನಗರದ ಸಭಾಂಗಣದಲ್ಲಿ ಈ ಎರಡನೆಯವರ ಹೆಸರು ಪತ್ರಿಕೆಯ ಕೊನೆಯ ಸಾಲಿಗೂ ಏರುವುದಿಲ್ಲ. ಇಲ್ಲಿಯಾದರೋ ಪದವು ಅವರ ವಶದಲ್ಲಿಯೇ ಇರುತ್ತದೆಂಬುದು ಸ್ವಲ್ಪ ಹೊತ್ತಿನಲ್ಲಿಯೇ ಪ್ರತ್ಯಕ್ಷವಾಯಿತು.

ಗುರುಸ್ತುತಿ ಮುಗಿದು ಶರೀಫರ ತತ್ತ್ವಪದವೊಂದು ನಡೆದಿದ್ದಿತು. 1819ರಲ್ಲಿ ಇದೇ ಸೀಮೆಯ, ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ ಹುಟ್ಟಿ, ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿ, ಕಳಸದ ಗೋವಿಂದಭಟ್ಟರ ಶಿಷ್ಯನಾಗಿ 1889ರಲ್ಲಿ ದೇಹವಿಟ್ಟ ಆ ಮಹಾನುಭಾವನ ಪದಗಳು ಕಾಗದಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದವು. ಮುಂದೆ ಹೇಳುತ್ತಿದ್ದ ತರುಣನು, ಕಂಠ ಮಧುರವಾಗಿದ್ದುದರಿಂದಲೋ ಏನೋ, ರಾಗದ ಸೊಗಸಿನಲ್ಲಿ ಮೈಮರೆತು ಒಂದು ನುಡಿಯನ್ನು ದಾಟಿಹೋದನು. ಬಾಗಿಲ ಬಳಿ ಸೆರಗು ಹೊದ್ದು, ತೂಕಡಿಸುತ್ತಿರುವಳೆಂದೇ ನಾನು ಭಾವಿಸಿದ್ದ ಮುದುಕಿಯೊಬ್ಬಳು, “ತಮ್ಮಾ, ನಡುವಿನ ನುಡಿ ನುಂಗಿದಿ ನೋಡು” ಎಂದಳು. ಅವನು ನಾಚದೆ, ಕೋಪಿಸದೆ, “ಹೌದಬೇ ಯವ್ವಾ, ನೀನೇ ಹೇಳು” ಎಂದನು. ಆಕೆ ಹಾಡಲಿಲ್ಲ, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ ನಾಲ್ಕು ಸಾಲುಗಳನ್ನು ಆಡಿ ತೋರಿಸಿದಳು. ಅಷ್ಟರಲ್ಲಿ ಪೇಟಿಯ ಹಿರಿಯರು, ತಮ್ಮ ಬೀಗರ ಊರಿನಲ್ಲಿ ಕೊನೆಯ ಸಾಲನ್ನು ಬೇರೆಯಾಗಿ ಹೇಳುವರೆಂದು ತಕರಾರು ತೆಗೆದರು. ವಾದವು ಇತ್ಯರ್ಥವಾಗಲಿಲ್ಲ, ಎರಡನ್ನೂ ಹಾಡಿದರು. ಜಾನಪದಕ್ಕೆಂದೇ ಮೀಸಲಾದ ವಿಶ್ವವಿದ್ಯಾಲಯವು 2011ರಲ್ಲಿ ಶಿಗ್ಗಾಂವಿಯ ಗೊಟಗೋಡಿಯಲ್ಲಿ ಸ್ಥಾಪಿತವಾದುದು ನನಗೂ ಸಂತೋಷದ ಸಂಗತಿಯೇ. ಆದರೆ ಶುದ್ಧಪಾಠವನ್ನು ಅರಸುವ ವಿದ್ವಾಂಸನು ಆ ಪೌಳಿಯಲ್ಲಿ ಕುಳಿತಿದ್ದರೆ ಯಾವ ಸಾಲಿಗೆ ಗೆರೆಯೆಳೆಯುತ್ತಿದ್ದನೋ ಕಾಣೆನು.

ಬಳಿಕ ಪಕ್ಕದ ಊರಿನ ಗೀಗೀ ಮೇಳದ ಸರದಿ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂಬ ಹರದೇಶಿ-ನಾಗೇಶಿಯ ಹಳೆಯ ಜಗಳವನ್ನು ದಪ್ಪು, ತುಂತುಣಿಗಳೊಡನೆ ಹೊಸದಾಗಿ ಹೂಡಿ ಜನರನ್ನು ನಗಿಸಿದರು. ನನ್ನ ರುಚಿಗೆ ತುಸು ದೀರ್ಘವಾಯಿತು. ಹೆಂಗಸರ ಸಾಲಿಗೆ ಆಗಲಿಲ್ಲ.

ಈ ನಾಡಿನ ಕಿವಿಯ ಸಂಸ್ಕಾರ ಸಾಮಾನ್ಯವಾದುದಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಕುರುಡನಾಗಿ ಹುಟ್ಟಿದ ಗದಿಗಯ್ಯನೆಂಬ ಬಾಲಕನ ಕಂಠವನ್ನು ಗುರುತಿಸಿ, ಸಂಗೀತಶಿಕ್ಷಣಕ್ಕೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು. ಆತನೇ ಪಂಚಾಕ್ಷರಿ ಗವಾಯಿ. ಅವರ ಶಿಷ್ಯರಾಗಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳು, 1914ರಲ್ಲಿ ಜನಿಸಿದವರು, ಇದೇ ತಾಲೂಕಿನವರು. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರೂ ಹಾನಗಲ್ಲ ಎಂಬ ಹೆಸರನ್ನೇ ಹೊತ್ತು ಜಗತ್ತನ್ನೆಲ್ಲ ಸುತ್ತಿದರು. ಖ್ಯಾಲಿನ ವಿಸ್ತಾರವೆಲ್ಲಿ, ಈ ಪೌಳಿಯ ಭಜನೆಯೆಲ್ಲಿ ಎಂದು ಕೇಳಬಹುದು. ಒಂದು ನುಡಿ ತಪ್ಪಿದರೆ ಎಚ್ಚರಗೊಳ್ಳುವ ಮುದುಕಿಯನ್ನು ಕಂಡ ಮೇಲೆ ಆ ಪ್ರಶ್ನೆ ನನಗೆ ಅಷ್ಟು ದೊಡ್ಡದಾಗಿ ತೋರಲಿಲ್ಲ.

ಮಂಗಳವಾಗುವಾಗ ಹನ್ನೆರಡು ದಾಟಿದ್ದಿತು. ಬೊಗಸೆ ಬೊಗಸೆ ಮಂಡಕ್ಕಿ, ಮೇಲೊಂದು ಬೆಲ್ಲದ ಚೂರು. ಓಣಿಯಲ್ಲಿ ನನ್ನ ಹಿಂದೆ ಬರುತ್ತಿದ್ದ ಆ ಹುಡುಗನು ಕಂಕುಳಲ್ಲಿದ್ದ ದಮ್ಮಡಿಯನ್ನು ಸುಮ್ಮನಿರಲಾರದೆ ಬಡಿಯುತ್ತಿದ್ದನು. ಮಳೆ ಮರಳಿ ಹನಿಯತೊಡಗಿ, ಗುಡಿಯಿಂದ ಅವನ ಮನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಅದು ಪುನಃ ‘ದಬ್’ ಎನ್ನುತ್ತಿದ್ದಿತು.