ಹಿರಿಯರು ಕೊಟ್ಟ ಹಣಕ್ಕೆ ತೆರಿಗೆಯುಂಟೇ?

ಹಿರಿಯರು ತಮ್ಮ ಜೀವಿತಕಾಲದಲ್ಲಿಯೇ ಮಕ್ಕಳಿಗೆ ಹಣ ಕೊಟ್ಟರೆ ತೆರಿಗೆ ತೆರಬೇಕೇ? ಅನೇಕ ಮನೆಗಳಲ್ಲಿ ಉಳಿದಿರುವ ಈ ಅಂಜಿಕೆಗೆ ಹಳೆಯ ಕಾರಣವಿದೆ. 1953ರ ಎಸ್ಟೇಟ್ ಡ್ಯೂಟಿ ಕಾಯಿದೆಯಂತೆ, ಮರಣಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಕೊಟ್ಟ ದಾನವನ್ನು ಸಾಮಾನ್ಯವಾಗಿ ಮೃತರ ಆಸ್ತಿಗೆ ಸೇರಿಸಿಯೇ ಸುಂಕವನ್ನು ಎಣಿಸುತ್ತಿದ್ದರು. ಸಾವನ್ನು ಮುಂಗಂಡು ಆಸ್ತಿ ಹಂಚಿ ಸುಂಕ ತಪ್ಪಿಸದಿರಲೆಂಬುದು ಅದರ ಉದ್ದೇಶ. 1985ರ ಮಾರ್ಚ್ 16ರಿಂದೀಚಿನ ಮರಣಗಳಿಗೆ ಆ ಸುಂಕವಿಲ್ಲ. ಕೊಟ್ಟವರು ತೆರುತ್ತಿದ್ದ ಕೊಡುಗೆ ತೆರಿಗೆಯೂ 1998ರ ಅಕ್ಟೋಬರ್ 1ರಿಂದ ನಿಂತುಹೋಯಿತು.

ಈಗಿನ ಆದಾಯ ತೆರಿಗೆ ಕಾಯಿದೆಯು ಪಡೆದವರನ್ನು ಪ್ರಶ್ನಿಸುತ್ತದೆ. ತಂದೆತಾಯಿ, ಅಜ್ಜ ಅಜ್ಜಿ, ಮಕ್ಕಳು, ಪತಿ ಪತ್ನಿ, ಒಡಹುಟ್ಟಿದವರು ಮೊದಲಾಗಿ ಕಾಯಿದೆ ಹೆಸರಿಸಿದ ಬಂಧುಗಳು ಕೊಟ್ಟ ಹಣಕ್ಕೂ, ಉಯಿಲಿನಿಂದ ಬಂದುದಕ್ಕೂ, ತನ್ನ ಮದುವೆಯ ಉಡುಗೊರೆಗೂ ತೆರಿಗೆಯಿಲ್ಲ. ಇತರರಿಂದ ವರ್ಷವೊಂದರಲ್ಲಿ 50,000 ರೂಪಾಯಿಗೆ ಮೀರಿ ಬಂದರೆ ಪೂರ್ತಿ ಮೊತ್ತವೂ ಆದಾಯವೆನಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಸೋದರಮಾವನು ಸೋದರಳಿಯನಿಗೆ ಕೊಟ್ಟ ಹಣಕ್ಕೆ ವಿನಾಯಿತಿಯುಂಟು. ಸೋದರಳಿಯನೆಂಬ ಕಾರಣಕ್ಕೆ ಅವನು ಮಾವನಿಗೆ ಕೊಟ್ಟುದಕ್ಕೆ ಅದು ದೊರೆಯದು.

ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯಬಾರದು. ಪಡೆದಷ್ಟೇ ದಂಡ ಬಿದ್ದೀತು. ಆದುದರಿಂದ ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಅದು ಕೊಡುಗೆಯೋ ಸಾಲವೋ ಎಂಬುದನ್ನು ಬರೆದು ಸಹಿ ಮಾಡಿಡುವುದು ಲೇಸು. ಹಿರಿಯರು ಕಣ್ಮರೆಯಾದ ಬಳಿಕ ತೆರಿಗೆಯ ಅಧಿಕಾರಿಗೂ ಒಡಹುಟ್ಟಿದವರಿಗೂ ಉತ್ತರ ಹೇಳುವುದು ಆ ಪತ್ರವೇ. ಇದು ಕೇಂದ್ರದ ಕಾಯಿದೆ. ಕಾಸರಗೋಡಿಗೂ ಸೊಲ್ಲಾಪುರಕ್ಕೂ ಒಂದೇ.